ಕಾವಲುಗಾರನೇ ಕುಸಿದಾಗ: ಆಂಟಿವೈರಸ್ ತಂತ್ರಾಂಶದ ದೋಷಪರಿಹಾರ

ಮನೆಯ ಗಣಕಯಂತ್ರದಲ್ಲಿ ಬೇರೆ ಯಾವುದೇ ತಂತ್ರಾಂಶ ಕೆಟ್ಟರೆ ಕೆಲಸ ನಿಲ್ಲುತ್ತದೆ. ಆಂಟಿವೈರಸ್ ಪದೇಪದೇ ಸ್ಥಗಿತಗೊಂಡರೆ ಕೆಲಸವೇನೋ ಸಾಗುತ್ತದೆ. ಆದರೆ ಮನೆಯ ಬಾಗಿಲು ತೆರೆದೇ ಇರುತ್ತದೆ. ಬ್ಯಾಂಕ್, ಪಿಂಚಣಿ, ತೆರಿಗೆಯ ವ್ಯವಹಾರಗಳೆಲ್ಲ ಅದೇ ಯಂತ್ರದಲ್ಲಿ ನಡೆಯುವಾಗ ಈ ತೊಂದರೆಯನ್ನು ಮುಂದೂಡುವುದು ತರವಲ್ಲ. ಕಿರಿಕಿರಿಯೆಂದು ಆಂಟಿವೈರಸ್ಸನ್ನೇ ಸ್ಥಗಿತಗೊಳಿಸಿ ಕೂರುವುದೂ ಸಲ್ಲದು. ವಿಂಡೋಸ್ ಬಳಸುವ ಓದುಗರಿಗಾಗಿ ಪರಿಶೀಲನೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಕುಸಿತಕ್ಕೆ ಕಾರಣವೇನು?

ತೆರೆಯುವ ಪ್ರತಿಯೊಂದು ಕಡತವನ್ನೂ ತಡೆದು ಪರೀಕ್ಷಿಸಬೇಕಾಗಿರುವುದರಿಂದ ಅನೇಕ ಆಂಟಿವೈರಸ್‌ಗಳ ಒಂದು ಭಾಗವು ವಿಂಡೋಸ್‌ನ ಒಳತಿರುಳಾದ ಕರ್ನೆಲ್‌ನಲ್ಲಿ ಕೆಲಸ ಮಾಡುತ್ತದೆ. ಅಲ್ಲಿ ಸಣ್ಣ ತಪ್ಪಾದರೂ ಇಡೀ ಯಂತ್ರ ನಿಂತುಹೋಗಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಯುಕ್ತ ಅಪ್‌ಡೇಟ್ ಒಂದರಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಅಂದು ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಕೈಬರಹದ ಬೋರ್ಡಿಂಗ್ ಪಾಸ್‌ಗಳನ್ನು ನೀಡಬೇಕಾಯಿತು.

ಪರಿಶೀಲನೆಯ ಕ್ರಮ

ಮೊದಲನೆಯದಾಗಿ, ತೊಂದರೆ ಎಂದು ಆರಂಭವಾಯಿತೆಂಬುದನ್ನು ತಿಳಿಯಬೇಕು. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಹುಡುಕಿದರೆ ದೊರೆಯುವ ರಿಲಯಬಿಲಿಟಿ ಮಾನಿಟರ್‌ನಲ್ಲಿ ದಿನವಾರು ಚರಿತ್ರೆಯಿರುತ್ತದೆ. ಕುಸಿತಗಳು ಕೆಂಪು ಗುರುತಿನಿಂದ ಕಾಣುತ್ತವೆ. ಮೊದಲ ಕೆಂಪು ಗುರುತಿನ ದಿನ ಅಥವಾ ಅದರ ಹಿಂದಿನ ದಿನ ಹೊಸದಾಗಿ ಸೇರಿದ ತಂತ್ರಾಂಶ ಇಲ್ಲವೇ ಅಪ್‌ಡೇಟ್ ಯಾವುದೆಂದು ನೋಡಿದರೆ, ಅನೇಕ ವೇಳೆ ಕಾರಣ ಅಲ್ಲಿಯೇ ಸಿಗುತ್ತದೆ.

ಎರಡನೆಯದಾಗಿ, ಯಂತ್ರದಲ್ಲಿ ಎರಡು ಆಂಟಿವೈರಸ್‌ಗಳಿವೆಯೇ ಎಂದು ಪರೀಕ್ಷಿಸಬೇಕು. ಲ್ಯಾಪ್‌ಟಾಪ್ ಕೊಂಡಾಗ ಜೊತೆಗೆ ಬಂದ, ಅವಧಿ ಮುಗಿದ ಪ್ರತಿಯೊಂದು ಒಳಗೇ ಉಳಿದಿರುವುದು ಸಾಮಾನ್ಯ. ಒಂದೇ ಕಡತಕ್ಕಾಗಿ ಎರಡೂ ಕಾದಾಡಿದಾಗ ಯಂತ್ರ ಸೊರಗುತ್ತದೆ. ಒಂದನ್ನು ತೆಗೆದುಹಾಕಿ. ಸೆಟ್ಟಿಂಗ್ಸ್ ಮೂಲಕ ತೆಗೆದರೂ ಅವಶೇಷಗಳು ಉಳಿಯಬಹುದಾದುದರಿಂದ ಆಯಾ ತಯಾರಕರೇ ನೀಡುವ ರಿಮೂವಲ್ ಟೂಲ್ ಬಳಸುವುದು ಲೇಸು. ಹೊರಗಿನ ಆಂಟಿವೈರಸ್‌ಗಳನ್ನೆಲ್ಲ ತೆಗೆದಾಗ ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ಸಾಮಾನ್ಯವಾಗಿ ತಾನಾಗಿಯೇ ಕಾವಲು ವಹಿಸಿಕೊಳ್ಳುತ್ತದೆ. ಹೀಗಾಗಿ ದುರಸ್ತಿಯ ಅವಧಿಯಲ್ಲಿಯೂ ಯಂತ್ರ ಅನಾಥವಾಗುವುದಿಲ್ಲ.

ಮೂರನೆಯದಾಗಿ, ವಿಂಡೋಸ್‌ನ ಆರೋಗ್ಯ. ಡಿಸ್ಕ್‌ನಲ್ಲಿ ಸಾಕಷ್ಟು ಜಾಗವಿರಲಿ. ಬಾಕಿಯಿರುವ ಅಪ್‌ಡೇಟ್‌ಗಳನ್ನು ಮುಗಿಸಿ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದೇ ಕೊನೆಗೊಂಡಿದೆ ಎಂಬುದು ನೆನಪಿರಲಿ. ಸಿಸ್ಟಮ್ ಫೈಲ್ ಚೆಕರ್ ಎಂಬ ಉಪಕರಣವು ಹಾಳಾದ ವಿಂಡೋಸ್ ಕಡತಗಳನ್ನು ಸರಿಪಡಿಸುತ್ತದೆ. ಇತರ ತಂತ್ರಾಂಶಗಳೂ ಕುಸಿಯುತ್ತಿದ್ದರೆ ದೋಷ ಮೆಮೊರಿಯಲ್ಲಿರಬಹುದು; ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್‌ನಿಂದ ಪರೀಕ್ಷಿಸಿ.

ನಾಲ್ಕನೆಯದು ಗಂಭೀರವಾದುದು. ಆಂಟಿವೈರಸ್ ಮತ್ತೆ ಮತ್ತೆ ತಾನಾಗಿ ಆಫ್ ಆಗುತ್ತಿದ್ದರೆ, ಸುರಕ್ಷತಾ ಸಂಸ್ಥೆಗಳ ತಾಣಗಳು ಮಾತ್ರ ತೆರೆಯದಿದ್ದರೆ, ಒಳಹೊಕ್ಕ ಕುತಂತ್ರಾಂಶವೇ ಕಾವಲನ್ನು ಕೆಡವುತ್ತಿರಬಹುದು. ಆಗ ವಿಂಡೋಸ್ ಸೆಕ್ಯುರಿಟಿಯಲ್ಲಿರುವ ಆಫ್‌ಲೈನ್ ಸ್ಕ್ಯಾನ್ ನಡೆಸಬೇಕು. ವಿಂಡೋಸ್ ಪೂರ್ಣವಾಗಿ ಎಚ್ಚರಗೊಳ್ಳುವ ಮುನ್ನವೇ ನಡೆಯುವ ಈ ತಪಾಸಣೆಗೆ ಸುಮಾರು 15 ನಿಮಿಷ ಬೇಕು. ಯಂತ್ರ ಶುದ್ಧವಾಗುವವರೆಗೆ ಅದರಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಗುಪ್ತಪದಗಳನ್ನು ಬೇರೊಂದು ಸಾಧನದಿಂದ ಬದಲಿಸಿ.

ಇಷ್ಟಾದರೂ ಸರಿಹೋಗದಿದ್ದರೆ, ಲೈಸೆನ್ಸ್ ಸಂಖ್ಯೆಯನ್ನು ಬರೆದಿಟ್ಟುಕೊಂಡು, ತಯಾರಕರ ಅಧಿಕೃತ ತಾಣದಿಂದಲೇ ಹೊಸ ಪ್ರತಿ ಪಡೆದು ಮತ್ತೆ ಸ್ಥಾಪಿಸಿ.

ಒಂದು ಎಚ್ಚರಿಕೆ

‘ನಿಮ್ಮ ಆಂಟಿವೈರಸ್ ಕೆಟ್ಟಿದೆ, ಈ ಸಂಖ್ಯೆಗೆ ಕರೆಮಾಡಿ’ ಎಂಬ ಸಂದೇಶ ಪರದೆಯ ಮೇಲೆ ಮೂಡಿದರೆ ಕರೆಮಾಡಕೂಡದು. ಮೈಕ್ರೋಸಾಫ್ಟ್‌ನ ನಿಜವಾದ ದೋಷಸೂಚನೆಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ದುರಸ್ತಿಯ ನೆಪದಲ್ಲಿ ದೂರದಿಂದ ಯಂತ್ರದ ಹಿಡಿತ ಪಡೆದು ಹಣ ಲಪಟಾಯಿಸುವ ವಂಚನೆಗೆ ಒಂಟಿಯಾಗಿರುವ ಹಿರಿಯರು ಸುಲಭವಾಗಿ ಸಿಲುಕುತ್ತಾರೆ. ಹಾಗೇನಾದರೂ ಆದಲ್ಲಿ ಅಂತರಜಾಲ ಸಂಪರ್ಕವನ್ನು ಕೂಡಲೇ ಕಡಿದು, ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕು.

ದುರಸ್ತಿಯಾದ ಬಳಿಕ ಕಾವಲು ಎಚ್ಚರವಾಗಿದೆಯೇ ಎಂದು ತಿಳಿಯಲು ‘ಐಕಾರ್’ ಪರೀಕ್ಷಾ ಕಡತವಿದೆ. 68 ಅಕ್ಷರಗಳ ಈ ನಿರುಪದ್ರವಿ ಕಡತವನ್ನು ಕಂಡೊಡನೆ ಆಂಟಿವೈರಸ್ ಎಚ್ಚರಿಸಿದರೆ, ತಮ್ಮ ಯಂತ್ರದ ಕಾವಲು ಮರಳಿತೆಂದು ತಿಳಿಯಬಹುದು.