ಸುಂಕದ ಕಟ್ಟೆಯಲ್ಲಿ ಅಜ್ಜಿಯ ಕಾಸಿನ ಸರ

ಕೆನಡಾದ ಕಾಯಂ ನಿವಾಸಕ್ಕೆ ಒಪ್ಪಿಗೆ ದೊರೆತ ಮನೆಗಳಲ್ಲಿ ಉದ್ಯೋಗ, ಚಳಿ, ಮಕ್ಕಳ ಶಾಲೆಗಳಷ್ಟೇ ಗಂಭೀರವಾಗಿ, ಆದರೆ ತುಸು ತಗ್ಗಿದ ದನಿಯಲ್ಲಿ ಚರ್ಚೆಯಾಗುವ ಇನ್ನೊಂದು ವಿಷಯವಿದೆ. ಅದು ಹಣ ಮತ್ತು ಒಡವೆಯ ವಿಷಯ. ಎಷ್ಟು ಒಯ್ಯಬಹುದು, ಯಾರಿಗೆ ಹೇಳಬೇಕು, ಹೇಳದಿದ್ದರೆ ಏನಾದೀತು ಎಂಬ ಪ್ರಶ್ನೆಗಳಿಗೆ ಬಂಧುಬಳಗದಲ್ಲಿ ಉತ್ತರಗಳಿಗೆ ಬರವಿಲ್ಲ. ‘ಒಡವೆಯನ್ನೆಲ್ಲ ಮೈಮೇಲೆ ಹಾಕಿಕೊಂಡು ಹೋಗು, ಯಾರೂ ಕೇಳುವುದಿಲ್ಲ’ ಎನ್ನುವವರೊಬ್ಬರು. ‘ಹಣದ ವಿಷಯ ಬಾಯಿಬಿಟ್ಟರೆ ತೆರಿಗೆ ಹಾಕುತ್ತಾರೆ’ ಎನ್ನುವವರು ಇನ್ನೊಬ್ಬರು. ಮೈಸೂರಿನಿಂದ ಟೊರಾಂಟೊಗೆ ಹೊರಟಾಗ ಈ ಎರಡೂ ಮಾತುಗಳನ್ನು ನಾನು ಕೇಳಿದ್ದೆ. ಇಂದು ಹೊಸದಾಗಿ ಹೊರಟವರು ದೂರವಾಣಿಯಲ್ಲಿ ನನ್ನನ್ನು ಕೇಳುವುದೂ ಇವನ್ನೇ.

ಮೊದಲು ಹಣದ ಮಾತು. ಕೆನಡಾಕ್ಕೆ ಎಷ್ಟು ಹಣವನ್ನು ತರಬಹುದೆಂಬುದಕ್ಕೆ ಮಿತಿಯಿಲ್ಲ. ಆದರೆ 10,000 ಕೆನಡಿಯನ್ ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತ ಕೈಯಲ್ಲಿದ್ದರೆ ಅದನ್ನು ಗಡಿ ಸೇವಾ ಸಂಸ್ಥೆಯ ಅಧಿಕಾರಿಗೆ ತಿಳಿಸಲೇಬೇಕು. ಇಲ್ಲಿ ಎರಡು ಅಂಶಗಳನ್ನು ಹಲವರು ಗಮನಿಸುವುದಿಲ್ಲ. ಒಂದು, ಈ ಲೆಕ್ಕ ಅಮೆರಿಕದ ಡಾಲರಿನದಲ್ಲ, ಕೆನಡಾದ ಡಾಲರಿನದು. ಎರಡು, ನೋಟುಗಳಷ್ಟೇ ಅಲ್ಲದೆ ಬ್ಯಾಂಕ್ ಡ್ರಾಫ್ಟು, ಪ್ರವಾಸಿ ಚೆಕ್ಕುಗಳೂ ಈ ಮೊತ್ತಕ್ಕೆ ಸೇರುತ್ತವೆ. ಕೈಚೀಲದಲ್ಲಿ ಸ್ವಲ್ಪ ನೋಟು, ಕಡತದಲ್ಲೊಂದು ಡ್ರಾಫ್ಟು ಇಟ್ಟುಕೊಂಡವರು ಎರಡನ್ನೂ ಕೂಡಿಸಿ ನೋಡಬೇಕು. ಬ್ಯಾಂಕಿನಿಂದ ಬ್ಯಾಂಕಿಗೆ ನೇರವಾಗಿ ವರ್ಗಾಯಿಸಿದ ಹಣವನ್ನು ಗಡಿಯಲ್ಲಿ ಘೋಷಿಸಬೇಕಾಗಿಲ್ಲ. ಅದು ನಮ್ಮ ಕೈಯಲ್ಲಿ ಬಂದದ್ದಲ್ಲ.

ಘೋಷಿಸಿದ ಮಾತ್ರಕ್ಕೆ ತೆರಿಗೆ ಬೀಳುವುದಿಲ್ಲ. ಒಂದು ನಮೂನೆಯನ್ನು ತುಂಬಿ ಸಹಿ ಹಾಕಿದರೆ ಕೆಲಸ ಮುಗಿಯಿತು. ಕಪ್ಪುಹಣದ ಚಲನೆಯ ಮೇಲೆ ಕಣ್ಣಿಡುವ ‘ಫಿನ್‌ಟ್ರಾಕ್’ ಎಂಬ ಸಂಸ್ಥೆಗೆ ಆ ವಿವರ ಹೋಗುತ್ತದೆ, ಅಷ್ಟೇ. ಘೋಷಿಸದೆ ಸಿಕ್ಕಿಬಿದ್ದರೆ ಮಾತ್ರ ಹಣವನ್ನು ವಶಪಡಿಸಿಕೊಳ್ಳುತ್ತಾರೆ. ದಂಡ ಕಟ್ಟಿ ಬಿಡಿಸಿಕೊಳ್ಳಬೇಕಾಗುತ್ತದೆ. ಅಪರಾಧದಿಂದ ಬಂದ ಹಣವೆಂಬ ಅನುಮಾನ ಹುಟ್ಟಿದರೆ ಅದು ಮರಳಿ ಕೈಸೇರುವುದಿಲ್ಲ. ಪರಿಣತ ಕೆಲಸಗಾರರ ವರ್ಗದಲ್ಲಿ ಬರುವವರಲ್ಲಿ ಬಹುತೇಕರಿಂದ ನೆಲೆಯೂರಲು ಬೇಕಾದಷ್ಟು ಹಣವಿದೆ ಎಂಬುದಕ್ಕೆ ಸಾಕ್ಷ್ಯ ಕೇಳುವುದು ಇದೇ ಸರ್ಕಾರ. ತಾನೇ ತರಲು ಹೇಳಿದ ಹಣವನ್ನು ತಂದಿದ್ದೇವೆಂದು ಹೇಳಲು ನಾವು ಅಂಜಬೇಕಾದ ಕಾರಣವಿಲ್ಲ.

ನಮ್ಮ ಕಡೆಯ ನಿಯಮವನ್ನೂ ಮರೆಯಬಾರದು. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಅಮೆರಿಕನ್ ಡಾಲರಿನವರೆಗೆ ಹೊರಗೆ ಕಳುಹಿಸಬಹುದು. ಆದರೆ ಕೆನಡಾದಂತಹ ದೇಶಕ್ಕೆ ಹೊರಟವರು ವಿದೇಶಿ ನೋಟಿನ ರೂಪದಲ್ಲಿ ಒಯ್ಯಬಹುದಾದದ್ದು ಒಂದು ಪ್ರಯಾಣಕ್ಕೆ 3,000 ಡಾಲರ್ ಮಾತ್ರ. ಭಾರತದ ರೂಪಾಯಿಯಾದರೆ 25,000ದವರೆಗೆ. ಉಳಿದದ್ದು ಡ್ರಾಫ್ಟು, ಕಾರ್ಡು ಅಥವಾ ವರ್ಗಾವಣೆಯ ಮೂಲಕವೇ ಆಗಬೇಕು. ಹಣ ವಿನಿಮಯದ ರಸೀದಿಯನ್ನು ಜೋಪಾನವಾಗಿಟ್ಟುಕೊಳ್ಳುವುದು ಒಳಿತು.

ಇನ್ನು ಒಡವೆಯ ಮಾತು. ನಿಜವಾದ ತೊಡಕು ಇರುವುದು ಇಲ್ಲಿಯೇ. ನೆಲೆಸಲು ಬರುವವರು ತಮ್ಮ ಮನೆಸಾಮಾನು ಮತ್ತು ಒಡವೆಗಳನ್ನು ಸುಂಕವಿಲ್ಲದೆ ತರಬಹುದು. ಆದರೆ ಬರುವ ಮುನ್ನವೇ ಅವು ತಮ್ಮದಾಗಿರಬೇಕು, ತಮ್ಮ ವಶದಲ್ಲಿರಬೇಕು, ಬಳಸಿದವೂ ಆಗಿರಬೇಕು. ಪೊಟ್ಟಣ ಬಿಚ್ಚದ ಹೊಸ ವಸ್ತುವಿಗೆ ಈ ವಿನಾಯಿತಿ ಸಲ್ಲದು. ಬರುವುದಕ್ಕೆ ಹಿಂದಿನ ಮೂರು ತಿಂಗಳೊಳಗೆ ಮದುವೆಯಾದವರ ಉಡುಗೊರೆಗಳಿಗೆ ‘ಬಳಸಿರಬೇಕು’ ಎಂಬ ಷರತ್ತಿಲ್ಲ. ವಿನಾಯಿತಿಯಲ್ಲಿ ತಂದದ್ದನ್ನು ಮೊದಲ ವರ್ಷದೊಳಗೆ ಮಾರಿದರೆ ಅಥವಾ ದಾನ ಮಾಡಿದರೆ ಸುಂಕ ಕಟ್ಟಬೇಕಾಗುತ್ತದೆ.

ಇದಕ್ಕಾಗಿ ಎರಡು ಪಟ್ಟಿಗಳನ್ನು ಮಾಡಿಕೊಂಡು ಬರಬೇಕು: ಜೊತೆಯಲ್ಲಿ ತಂದಿರುವ ವಸ್ತುಗಳದೊಂದು, ಮುಂದೆ ಬರಲಿರುವ ವಸ್ತುಗಳದಿನ್ನೊಂದು. ಅಧಿಕಾರಿ ಇವುಗಳ ಆಧಾರದ ಮೇಲೆ ಬಿಎಸ್‌ಎಫ್ 186 ಎಂಬ ನಮೂನೆಯನ್ನು ಸಿದ್ಧಪಡಿಸಿ, ಮೊಹರು ಹಾಕಿ ಪ್ರತಿಯನ್ನು ಕೊಡುತ್ತಾರೆ. ಮೊದಲ ಬಾರಿ ಕಾಲಿಟ್ಟ ದಿನವೇ ಎರಡನೆಯ ಪಟ್ಟಿಯನ್ನು ಕೊಡಬೇಕು. ಒಂದೂ ಸಾಮಾನು ತಂದಿರದಿದ್ದರೂ ಕೊಡಬೇಕು. ‘ಚಿನ್ನದ ಒಡವೆಗಳು’ ಎಂದು ಒಂದೇ ಸಾಲಿನಲ್ಲಿ ಬರೆದರೆ ಸಾಲದು. ಪ್ರತಿಯೊಂದರ ವಿವರ, ಅಂದಾಜು ಬೆಲೆ, ಆಭರಣದಂಗಡಿಯ ಮೌಲ್ಯಪತ್ರ, ಅಂಗಡಿಯವರು ದಿನಾಂಕ ನಮೂದಿಸಿ ಸಹಿ ಮಾಡಿದ ಛಾಯಾಚಿತ್ರ ಇವೆಲ್ಲ ಇದ್ದರೆ ಕೆಲಸ ಸಲೀಸು.

ನನ್ನ ತಂದೆಯವರು ನಿವೃತ್ತ ಗುಮಾಸ್ತರು. ಕಾಗದಪತ್ರದಲ್ಲಿ ಅವರಿಗೆ ಅಪಾರ ನಂಬಿಕೆ. ಮದುವೆಯಲ್ಲಿ ಅಜ್ಜಿ ನನ್ನ ಕೊರಳಿಗೆ ಹಾಕಿದ ಕಾಸಿನ ಸರವನ್ನು ಲಾಕರಿನಲ್ಲಿಯೇ ಬಿಟ್ಟು ಹೊರಟಿದ್ದೆ. ‘ತರುವುದು ಎಂದಾದರೂ ತಾ, ಪಟ್ಟಿಯಲ್ಲಿ ಮಾತ್ರ ಇಂದೇ ಬರೆ’ ಎಂದು ಅವರು ಪಟ್ಟುಹಿಡಿದರು. ತಾವೇ ಅಕ್ಕಸಾಲಿಗರ ಬಳಿಗೆ ಹೋಗಿ ತೂಕ ಹಾಕಿಸಿ, ಕಾಸುಗಳನ್ನು ಎಣಿಸಿ, ಚಿತ್ರ ತೆಗೆಸಿ ತಂದರು. ಪಿಯರ್‌ಸನ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿಣಿಯೊಬ್ಬರು ಚಿತ್ರವನ್ನು ಕುತೂಹಲದಿಂದ ನೋಡಿ, ಮೊಹರು ಒತ್ತಿ ಕೊಟ್ಟರು. ಐದು ವರ್ಷಗಳ ಬಳಿಕ ಅಮ್ಮ ತೀರಿಕೊಂಡರು. ಲಾಕರನ್ನು ಖಾಲಿ ಮಾಡಿ ಆ ಸರವನ್ನು ತಂದಾಗ, ಹಳೆಯ ನಮೂನೆಯನ್ನು ತೋರಿಸಿದ ಕೂಡಲೇ ದಾರಿ ಬಿಟ್ಟರು. ದುಃಖದಲ್ಲಿದ್ದ ನನಗೆ ಅಂದು ಯಾರೊಡನೆಯೂ ವಾದಿಸುವ ಶಕ್ತಿ ಇರಲಿಲ್ಲ.

ನಮ್ಮ ಕಟ್ಟಡದಲ್ಲಿಯೇ ಇದ್ದ ದಾವಣಗೆರೆಯ ಹೆಣ್ಣುಮಗಳೊಬ್ಬಳ ಅನುಭವ ಬೇರೆ. ಆಕೆಯ ಬಳಿ ಯಾವ ಪಟ್ಟಿಯೂ ಇರಲಿಲ್ಲ. ತಮ್ಮನ ಮದುವೆಗೆ ಹೋದವಳು ಬರುವಾಗ ತನ್ನದೇ ಹಳೆಯ ಬಳೆ, ಅವಲಕ್ಕಿ ಸರಗಳನ್ನು ತಂದಳು. ಅವು ಎಂದಿನಿಂದ ತನ್ನವು ಎಂದು ತೋರಿಸಲು ಆಕೆಗೆ ಆಗಲಿಲ್ಲ. ಸುಂಕದ ಜೊತೆಗೆ ಒಂಟಾರಿಯೊದ ಶೇ 13ರ ಮಾರಾಟ ತೆರಿಗೆಯನ್ನೂ ತೆತ್ತಳು. ‘ಹಣ ಹೋದದ್ದಕ್ಕಿಂತ, ನಮ್ಮಮ್ಮ ಮಾಡಿಸಿಕೊಟ್ಟ ಬಳೆ ನನ್ನದೆಂದು ನಂಬಿಸಲಾಗಲಿಲ್ಲವಲ್ಲ ಅಕ್ಕಾ’ ಎಂದು ಆಕೆ ಕಣ್ಣೊರೆಸಿಕೊಂಡಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಆತ ನೋಡುವುದು ಕಾಗದವನ್ನು.

ಊರಿಗೆ ಹೋಗಿಬರುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಕೆನಡಾದಿಂದ ಒಡವೆ ಧರಿಸಿ ಹೊರಡುವಾಗ ಮೌಲ್ಯಪತ್ರ ಮತ್ತು ಚಿತ್ರದ ಪ್ರತಿ ಕೈಯಲ್ಲಿರಲಿ. ಭಾರತದಿಂದ ಬೆಲೆಬಾಳುವ ಒಡವೆ ತೊಟ್ಟು ಹೊರಟು ಮತ್ತೆ ಅವುಗಳೊಡನೆಯೇ ಮರಳುವವರು ನಿರ್ಗಮನದ ವೇಳೆ ಕಸ್ಟಮ್ಸ್ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆದುಕೊಳ್ಳಬಹುದು. ಸಮಯ ಹಿಡಿಯುವ ಕೆಲಸವಾದ್ದರಿಂದ ನಿಲ್ದಾಣಕ್ಕೆ ಬೇಗ ತಲುಪಬೇಕು.

ಮಕ್ಕಳನ್ನು ಕಳುಹಿಸುವ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ಚಟ್ನಿಪುಡಿ, ಸಾರಿನಪುಡಿಗಳ ಡಬ್ಬಿ ಕಟ್ಟುವ ಸಂಭ್ರಮದ ನಡುವೆ ಒಂದು ಸಂಜೆಯನ್ನು ಈ ಪಟ್ಟಿಗಾಗಿ ಮೀಸಲಿಡಿ. ಮಗಳಿಗೆ, ಸೊಸೆಗೆ ಈಗಾಗಲೇ ಕೊಟ್ಟಿರುವ ಒಡವೆ ಯಾವುದು, ನಿಮ್ಮಲ್ಲಿಯೇ ಉಳಿಯುವುದು ಯಾವುದು ಎಂಬುದನ್ನು ಅಂದೇ ಇತ್ಯರ್ಥಗೊಳಿಸಿ. ಹೊರಟ ಮೇಲೆ ಕೊಟ್ಟದ್ದು ಈ ವಿನಾಯಿತಿಗೆ ಒಳಪಡುವುದಿಲ್ಲ. ಬೆಳ್ಳಿಯ ದೀಪ, ಪಂಚಪಾತ್ರೆ, ಕುಂಕುಮದ ಭರಣಿಗಳನ್ನೂ ಬಿಡದೆ ಬರೆಯಿರಿ. ಮೊಹರು ಬಿದ್ದ ಪ್ರತಿಯನ್ನು ಮಕ್ಕಳು ಪಾಸ್‌ಪೋರ್ಟಿನ ಜೊತೆಯಲ್ಲಿ ಇಡಲಿ, ಅದರ ನಕಲೊಂದು ನಿಮ್ಮ ಕಪಾಟಿನಲ್ಲಿಯೂ ಇರಲಿ.