ಬಟ್ಟೆಯ ಸುರುಳಿಗೊಂದು ವಿಳಾಸ

ಜವಳಿ ವ್ಯಾಪಾರ ನಮ್ಮ ಅನೇಕ ಮನೆತನಗಳಿಗೆ ಹೊಸದಲ್ಲ. ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳ ಮಗ್ಗದ ಸದ್ದು, ದಾವಣಗೆರೆಯ ಹತ್ತಿ ಗಿರಣಿಗಳ ನೆನಪು ನಾಡಿನ ಬದುಕಿನೊಡನೆ ಹೆಣೆದುಕೊಂಡಿವೆ. ಅಂಗಡಿಯ ಮುಂಭಾಗದಲ್ಲಿ ಹರಡಿದ ಬಟ್ಟೆಯ ಅಂದವನ್ನು ನಾವೆಲ್ಲರೂ ಮೆಚ್ಚುತ್ತೇವೆ. ಆದರೆ ಹಿಂಬದಿಯ ಉಗ್ರಾಣವನ್ನೂ ಅಲ್ಲಿ ಸುರುಳಿಗಳನ್ನು ಹೊರುವ ಹಮಾಲನ ಹೆಗಲನ್ನೂ ನೋಡುವವರು ವಿರಳ. ದೊಡ್ಡ ಜವಳಿ ಉದ್ಯಮಗಳಲ್ಲಿ ಈ ಕೆಲಸವನ್ನು ಇಂದು ಸ್ವಯಂಚಾಲಿತ ಯಂತ್ರಗಳು ವಹಿಸಿಕೊಳ್ಳುತ್ತಿವೆ. ಇದರಿಂದ ನಮಗೆ ಬರುವ ಲಾಭವೇನು, ನಾವು ವಹಿಸಬೇಕಾದ ಎಚ್ಚರವೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಹೆಗಲ ಮೇಲಿನ ಭಾರ

ಮೊದಲು ಒಂದು ಸರಳ ಲೆಕ್ಕ. ಒಂದೂವರೆ ಮೀಟರು ಅಗಲ, ೧೦೦ ಮೀಟರು ಉದ್ದದ ಬಟ್ಟೆಯು ಚದರ ಮೀಟರಿಗೆ ೨೦೦ ಗ್ರಾಂ ತೂಗುವುದಾದರೆ ಸುರುಳಿಯ ತೂಕ ೩೦ ಕಿಲೋ. ಜೀನ್ಸ್ ಬಟ್ಟೆ ಚದರ ಮೀಟರಿಗೆ ೪೦೦ ಗ್ರಾಂ ತೂಗುವುದುಂಟು. ಅಷ್ಟೇ ಉದ್ದದ ಸುರುಳಿ ಆಗ ೬೦ ಕಿಲೋ ಆಗುತ್ತದೆ. ವಯಸ್ಕ ಪುರುಷನೊಬ್ಬನು ಹೊರುವ ಭಾರ ೫೫ ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ೧೯೬೭ರಲ್ಲಿಯೇ ಶಿಫಾರಸು ಮಾಡಿದೆ. ಸುರುಳಿಗೆ ಹಿಡಿಕೆಯಿಲ್ಲ, ಎತ್ತಿದರೆ ನಡುವೆ ಬಾಗುತ್ತದೆ. ದಿನವಿಡೀ ಇದನ್ನು ಹೊತ್ತವನ ಬೆನ್ನು ನಡುವಯಸ್ಸಿಗೇ ಸೋತರೆ ಆಶ್ಚರ್ಯವೇನು?

ಬಟ್ಟೆಗೂ ಹಾನಿ ತಪ್ಪಿದ್ದಲ್ಲ. ನೆಟ್ಟಗೆ ನಿಲ್ಲಿಸಿದರೆ ಅಂಚು ಜಜ್ಜುತ್ತದೆ. ಅಡ್ಡಾದಿಡ್ಡಿ ಒಟ್ಟಿದರೆ ಅದುಮಿದ ಗುರುತು ಮೂಡುತ್ತದೆ. ಬೇಕಾದ ಸುರುಳಿಯೋ ಸದಾ ರಾಶಿಯ ತಳದಲ್ಲಿಯೇ ಇರುತ್ತದೆ! ಅದೊಂದನ್ನು ತೆಗೆಯಲು ಹತ್ತನ್ನು ಇಳಿಸಿ ಮತ್ತೆ ಏರಿಸಬೇಕು.

ಯಂತ್ರದ ನೆನಪು

ಈ ತೊಡಕಿಗೆ ಪರಿಹಾರ ಒದಗಿಸಿದುದು ಎರಡು ಸಾಧನಗಳು. ಒಂದು, ಗೆರೆಗಳ ಸಂಕೇತವಾದ ಬಾರ್‌ಕೋಡ್. ಅಮೆರಿಕದಲ್ಲಿ ೧೯೫೨ರಲ್ಲಿ ಇದಕ್ಕೆ ಹಕ್ಕುಪತ್ರ ದೊರೆಯಿತು. ೧೯೭೪ರ ಜೂನ್ ೨೬ರಂದು ಓಹಾಯೋ ರಾಜ್ಯದ ಟ್ರಾಯ್ ಪಟ್ಟಣದ ಅಂಗಡಿಯೊಂದರಲ್ಲಿ ಚೂಯಿಂಗ್ ಗಮ್ ಪೊಟ್ಟಣದ ಮೇಲಿನ ಸಂಕೇತವನ್ನು ಯಂತ್ರ ಓದಿತು. ಇನ್ನೊಂದು, ಎತ್ತರದ ಕಪಾಟುಗಳ ಉಗ್ರಾಣ. ೧೯೬೨ರಲ್ಲಿ ಜರ್ಮನಿಯ ಗ್ಯೂಟರ್ಸ್ಲೋ ನಗರದಲ್ಲಿ ಬರ್ಟೆಲ್ಸ್‌ಮನ್ ಪ್ರಕಾಶನ ಸಂಸ್ಥೆಗಾಗಿ ನಿರ್ಮಿಸಿದ ಪುಸ್ತಕ ಉಗ್ರಾಣವನ್ನು ಈ ಬಗೆಯಲ್ಲಿ ಮೊದಲನೆಯದೆಂದು ಹೇಳುತ್ತಾರೆ. ಪುಸ್ತಕಕ್ಕಾಗಿ ಹುಟ್ಟಿದ ಈ ಏರ್ಪಾಡು ಈಗ ಬಟ್ಟೆಗೂ ಒದಗಿದೆ.

ಲಾರಿಯಿಂದಿಳಿದ ಪ್ರತಿ ಸುರುಳಿಗೂ ಒಂದು ಚೀಟಿ ಅಂಟಿಸುತ್ತಾರೆ. ಬಟ್ಟೆಯ ಜಾತಿ, ಉದ್ದ, ಅಗಲ, ಬಂದ ದಿನ, ಬಣ್ಣದ ಲಾಟು ಎಲ್ಲವೂ ಆ ಸಂಕೇತದ ಮೂಲಕ ಗಣಕಯಂತ್ರಕ್ಕೆ ತಿಳಿಯುತ್ತವೆ. ಸುರುಳಿ ಬಾಗದಂತೆ ಉದ್ದನೆಯ ತೊಟ್ಟಿಲಿನಂಥ ತಟ್ಟೆಯಲ್ಲಿ ಮಲಗಿಸಲಾಗುತ್ತದೆ. ಹಳಿಯ ಮೇಲೆ ಚಲಿಸುವ ಕ್ರೇನು ಅದನ್ನು ಎತ್ತಿ ಖಾಲಿಯಿರುವ ಗೂಡಿನಲ್ಲಿ ಇರಿಸುತ್ತದೆ. ಊರಿನ ಮನೆಗೆ ಬೀದಿ, ಬಾಗಿಲ ಸಂಖ್ಯೆಗಳಿರುವಂತೆ ಸುರುಳಿಗೂ ಒಂದು ವಿಳಾಸ ದೊರೆಯಿತು. ಕೇಳಿದಾಗ ಅದೊಂದೇ ಸುರುಳಿ ಹೊರಬರುತ್ತದೆ, ಉಳಿದುದನ್ನು ಮುಟ್ಟಬೇಕಾಗಿಲ್ಲ. ಮೊದಲು ಬಂದುದನ್ನು ಮೊದಲು ಕಳುಹಿಸುವ ನಿಯಮವೂ ತಪ್ಪುವುದಿಲ್ಲ.

ಬಣ್ಣದ ಲಾಟಿನ ಮಾತು ಇಲ್ಲಿ ಮುಖ್ಯ. ಒಂದೇ ನೀಲಿಯಾದರೂ ಬೇರೆ ಬೇರೆ ದಿನ ಹಂಡೆಗೆ ಬಿದ್ದ ಬಟ್ಟೆಯ ಛಾಯೆ ತುಸು ಬೇರೆಯಾಗಬಹುದು. ಒಂದೇ ಅಂಗಿಯ ತೋಳಿಗೂ ಎದೆಗೂ ಎರಡು ಲಾಟು ಬೆರೆತರೆ ಆ ಅಂಗಿ ಯಾರಿಗೂ ಬೇಡ.

ಕಣ್ಣಿನ ಕೆಲಸ

ಆದರೆ ಯಂತ್ರಕ್ಕೆ ನೆನಪಿರುವುದು ನಾವು ಹೇಳಿದುದು ಮಾತ್ರ. ತಪ್ಪು ಚೀಟಿ ಅಂಟಿಸಿದರೆ ಅದು ತಪ್ಪನ್ನೇ ನಿಷ್ಠೆಯಿಂದ ಕಾಪಾಡುತ್ತದೆ. ಆದ್ದರಿಂದ ಒಳಬರುವಾಗಿನ ಪರೀಕ್ಷೆಯೇ ಇಡೀ ಏರ್ಪಾಡಿನ ಅಡಿಗಲ್ಲು. ಇದಕ್ಕೆ ಬಳಕೆಯಲ್ಲಿರುವುದು ನಾಲ್ಕು ಅಂಕಗಳ ಪದ್ಧತಿ. ದೋಷ ೩ ಅಂಗುಲದೊಳಗಿದ್ದರೆ ೧ ಅಂಕ, ೬ರೊಳಗೆ ೨, ೯ರೊಳಗೆ ೩, ಅದನ್ನೂ ಮೀರಿದರೆ ೪. ೧೦೦ ಚದರ ಗಜಕ್ಕೆ ೪೦ ಅಂಕ ದಾಟಿದರೆ ಸಾಮಾನ್ಯವಾಗಿ ಸುರುಳಿಯನ್ನು ಹಿಂದಿರುಗಿಸುತ್ತಾರೆ. ಕ್ಯಾಮೆರಾಗಳು ಈ ಕೆಲಸಕ್ಕೂ ಬಂದಿವೆಯಾದರೂ ಅನುಭವಿಯ ಕಣ್ಣು, ಬಟ್ಟೆ ಮುಟ್ಟಿ ತಿಳಿಯುವ ಬೆರಳು ಇನ್ನೂ ಬೇಕಾಗಿವೆ.

ಎತ್ತರಕ್ಕೆ ಬಟ್ಟೆ ತುಂಬಿದ ಕಟ್ಟಡದಲ್ಲಿ ಬೆಂಕಿಯ ಭಯವೂ ದೊಡ್ಡದು. ನೀರು ಸಿಂಪಡಿಸುವ ವ್ಯವಸ್ಥೆಗೆ ಹಣ ಉಳಿಸುವುದು ವಿವೇಕವಲ್ಲ. ವಿದ್ಯುತ್ತು ನಿಂತಾಗ ಸುರುಳಿ ತೆಗೆಯುವ ಬಗೆಯನ್ನೂ ಮೊದಲೇ ಯೋಚಿಸಿರಬೇಕು.

ಹೊತ್ತವನ ಗತಿ?

ಯಂತ್ರ ಬಂದರೆ ಇಪ್ಪತ್ತು ವರ್ಷ ಭಾರ ಹೊತ್ತವನ ಗತಿಯೇನು? ಇದು ಲೆಕ್ಕಪತ್ರದಲ್ಲಿ ಕಾಣದ, ಆದರೆ ಮಾಲೀಕನು ಉತ್ತರಿಸಲೇಬೇಕಾದ ಪ್ರಶ್ನೆ. ಯಾವ ಬಟ್ಟೆ ಹೇಗೆ ಮುದುರುತ್ತದೆ, ಯಾವ ಗಿರಣಿಯ ಮಾಲಿನಲ್ಲಿ ಕಲೆ ಹೆಚ್ಚು ಎಂಬುದು ಆತನಿಗೆ ತಿಳಿದಷ್ಟು ಹೊಸಬನಿಗೆ ತಿಳಿಯದು. ಅವನಿಗೆ ಸಂಕೇತ ಓದುವ ಉಪಕರಣವನ್ನೂ ಪರೀಕ್ಷೆಯ ಪದ್ಧತಿಯನ್ನೂ ಕಲಿಸಿದರೆ ಹೆಗಲು ಹಗುರಾಗುತ್ತದೆ, ಅನ್ನವೂ ಉಳಿಯುತ್ತದೆ. ಕಾಯಕಕ್ಕೆ ಗೌರವ ಕೊಡುವವರು ಕಾಯಕ ಮಾಡಿದವನನ್ನು ಬೀದಿಗೆ ಬಿಡಲಾಗದು.

ಸಣ್ಣ ವ್ಯಾಪಾರಿಗಳಿಗೆ ಕ್ರೇನು ಎಟುಕದಿರಬಹುದು. ಆದರೆ ಕಪಾಟಿನ ಪ್ರತಿ ಗೂಡಿಗೆ ಒಂದು ಸಂಖ್ಯೆ, ಪ್ರತಿ ಸುರುಳಿಗೆ ಒಂದು ಚೀಟಿ, ಸಾಗಿಸಲು ಗಾಲಿಯ ಬಂಡಿ, ಸರಿಯಾದ ಒಂದು ಪುಸ್ತಕ ಇವು ಯಾರ ಕೈಗೂ ಮೀರಿದವಲ್ಲ. ಶಿಸ್ತು ಮೊದಲು ಬರಲಿ. ಯಂತ್ರ ಅದರ ಹಿಂದೆ ಬರಲಿ. ಗೊಂದಲದ ಉಗ್ರಾಣಕ್ಕೆ ಯಂತ್ರ ತಂದರೆ ಗೊಂದಲವೇ ವೇಗವಾಗಿ ಓಡೀತು.