ಸೊಟ್ಟ ಗೋಡೆಗಳ ಊರು

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಯ ನಡುಮನೆಯಲ್ಲಿ ಒಂದು ಊರು ಹುಟ್ಟಿತು. ಅದಕ್ಕೆ ಬೇಕಾದ ಸಾಮಗ್ರಿಯು ಎರಡು ದೊಡ್ಡ ಹಾಳೆಗಳು, ಒಂದು ಡಬ್ಬಿ ಬಣ್ಣದ ಪೆನ್ಸಿಲುಗಳು ಮತ್ತು ಹನ್ನೊಂದು ವರ್ಷದ ಮೊಮ್ಮಗನೊಬ್ಬ, ಇಷ್ಟೇ. ಯಾವುದಾದರೂ ವಿನೋದೋದ್ಯಾನದಲ್ಲಿ ವ್ಯಂಗ್ಯಚಿತ್ರದ ಪಾತ್ರಗಳೇ ವಾಸಮಾಡುವ ಒಂದು ಕೇರಿಯನ್ನು ಕಟ್ಟುವುದಾದರೆ ಅದು ಹೇಗಿರಬೇಕೆಂದು ಅವನು ನಕ್ಷೆ ಬರೆಯುತ್ತಿದ್ದನು. ವ್ಯಾಕರಣವನ್ನು ಕಲಿಸಿ ತಲೆ ನರೆತವರಿಗೆ ಈ ಮಕ್ಕಳಾಟಿಕೆಯ ಗೊಡವೆ ಏಕೆಂದು ವಾಚಕರಲ್ಲಿ ಕೆಲವರು ನಗಬಹುದು. ಮೊದಲು ನಾವೂ ನಕ್ಕವರೇ.

ಹುಡುಗನು ನಕ್ಷೆಯನ್ನು ತಂದು ತೋರಿಸಿದೊಡನೆ ನಾವು ಅಭ್ಯಾಸಬಲದಿಂದ ಕೆಂಪು ಪೆನ್ಸಿಲನ್ನು ಕೈಗೆ ತೆಗೆದುಕೊಂಡೆವು. ಮನೆಗಳ ಗೋಡೆಗಳು ಹೊಟ್ಟೆ ಬಿಟ್ಟಿದ್ದುವು, ಬಾಗಿಲುಗಳು ವಾಲಿದ್ದುವು, ಕಿಟಕಿಗಳಲ್ಲಿ ಒಂದಾದರೂ ಚೌಕವಾಗಿರಲಿಲ್ಲ. ಒಂದೊಂದಕ್ಕೂ ತಪ್ಪಿನ ಗುರುತು ಹಾಕಿ, “ಅಳತೆಗೋಲು ಇಟ್ಟುಕೊಂಡು ಮತ್ತೆ ಬರೆ” ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, “ತಾತ, ಸೊಟ್ಟಗಿರಬೇಕು ಅಂತಲೇ ಸೊಟ್ಟಗೆ ಬರೆದದ್ದು” ಎಂದು ಹೇಳಿ, ಹಾಳೆಯನ್ನು ಸುತ್ತಿಕೊಂಡು ಹೊರಟುಹೋದನು. ಆ ಸಂಜೆ ಅವನು ಪೆನ್ಸಿಲನ್ನು ಮುಟ್ಟಲಿಲ್ಲ.

ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಶಬ್ದರೂಪಗಳನ್ನು ಬರೆಯಬೇಕಾದ ಪುಸ್ತಕದ ಅಂಚಿನಲ್ಲೆಲ್ಲ ಅವನು ಚಿತ್ರ ಬರೆಯುತ್ತಿದ್ದನು: ಪಂಚೆ ಉಟ್ಟ ಕಪ್ಪೆ, ಕೊಡೆ ಹಿಡಿದ ಬೆಕ್ಕು. ಒಂದು ದಿನ ನಾವು ಆ ಪುಟಗಳನ್ನು ಅವನ ಕೈಯಿಂದಲೇ ಹರಿಸಿದೆವು. ಆಮೇಲೆ ಅವನ ಪುಸ್ತಕದ ಅಂಚುಗಳು ನಿರ್ಮಲವಾದುವು. ಅದನ್ನು ನಾವು ನಮ್ಮ ಶಿಕ್ಷಣದ ಫಲವೆಂದು ತಿಳಿದಿದ್ದೆವು. ಅಂದಿನ ರಾತ್ರಿ ಹಾಗೆ ತೋರಲಿಲ್ಲ.

ಬೆಳಗ್ಗೆ ನಾವೇ ಮೊಮ್ಮಗನನ್ನು ಕರೆದು, “ಸೊಟ್ಟಗೆ ಏಕಿರಬೇಕು? ಹೇಳು” ಎಂದು ಕೇಳಿದೆವು. ಅವನ ತಾಯಿಯೂ ಬಂದು ಕೆಲವು ಚಿತ್ರಗಳನ್ನು ತೋರಿಸಿದಳು. ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದ ಆನಹೈಮ್ ಎಂಬಲ್ಲಿ, ಕಿತ್ತಿಳೆಯ ತೋಟಗಳಿದ್ದ ಸುಮಾರು 160 ಎಕರೆ ನೆಲದಲ್ಲಿ, ವಾಲ್ಟ್ ಡಿಸ್ನಿ ಎಂಬಾತನು ಡಿಸ್ನಿಲ್ಯಾಂಡ್ ಎಂಬ ಉದ್ಯಾನವನ್ನು ಕಟ್ಟಿಸಿ, 1955ನೆಯ ಇಸವಿ ಜುಲೈ 17ರಂದು ತೆರೆದನು. 1928ರಲ್ಲಿ ಮಿಕಿ ಎಂಬ ಇಲಿಯನ್ನು ಚಲಚ್ಚಿತ್ರದಲ್ಲಿ ಕುಣಿಸಿ ಪ್ರಸಿದ್ಧನಾದವನೇ ಇವನು. ಇವನು ಕಾಲವಾದದ್ದು 1966ರಲ್ಲಿ. ಅನಂತರ 1993ರ ಜನವರಿಯಲ್ಲಿ ಅದೇ ಉದ್ಯಾನದಲ್ಲಿ ‘ಮಿಕಿಸ್ ಟೂನ್‌ಟೌನ್’ ಎಂಬ ಕೇರಿಯನ್ನು ತೆರೆದರು. ಚಿತ್ರದ ಪಾತ್ರಗಳು ಕೆಲಸ ಮುಗಿಸಿ ಮನೆಗೆ ಹೋಗಿ ಇರುವ ಊರು ಇದೆಂಬುದು ಅಲ್ಲಿಯ ಕಲ್ಪನೆ. ಮಿಕಿಗೂ ಅವನ ಗೆಳತಿ ಮಿನಿಗೂ ಬೇರೆ ಬೇರೆ ಮನೆಗಳುಂಟು. ನಾವು ಒಳಹೊಕ್ಕು ನೋಡಬಹುದು. ಆ ಕೇರಿಯನ್ನು ರಚಿಸಿದವರು ನೇರವಾದ ಗೆರೆಯನ್ನು ಆದಷ್ಟೂ ದೂರವಿಟ್ಟರು. ಗೋಡೆಯು ಉಬ್ಬಿದೆ, ಸೂರು ಜೋಲಿದೆ. ಅಂಚೆಯ ಪೆಟ್ಟಿಗೆಯನ್ನು ಮುಟ್ಟಿದರೆ ಅದು ಮಾತನಾಡುವಂತೆ ಮಾಡಿದರು.

ಇದನ್ನು ಕೇಳಿದಾಗ ನಮಗೆ ಕಾಶ್ಮೀರದ ಕ್ಷೇಮೇಂದ್ರನ ನೆನಪಾಯಿತು. ಔಚಿತ್ಯವೇ ಕಾವ್ಯದ ಜೀವವೆಂದು ಸಾಧಿಸಿದವನು ಅವನು. ಕಲ್ಪನೆಯ ಲೋಕವೆಂದರೆ ಮನ ಬಂದಂತೆ ಮಾಡುವುದಲ್ಲ. ಅದಕ್ಕೂ ನಿಯಮವುಂಟು, ಆ ನಿಯಮ ನಮ್ಮ ಲೋಕದ್ದಲ್ಲ, ಅಷ್ಟೇ. ಮೂರು ಬೆರಳೂ ಒಂದು ಹೆಬ್ಬೆರಳೂ ಉಳ್ಳ, ಗುಂಡು ಕಿವಿಯ ಇಲಿಯನ್ನು ತಂದು ಕಂದಾಯದ ಕಚೇರಿಯಂಥ ಚೌಕದ ಮನೆಯಲ್ಲಿ ಇರಿಸಿದರೆ ಅದು ವೇಷ ಹಾಕಿದ ಮನುಷ್ಯನಾಗಿ ಕಾಣುವುದು. ಗೋಡೆಯೂ ಅದರಂತೆಯೇ ಬಾಗಿದಾಗ ಅದು ಆ ಊರಿನ ಗೃಹಸ್ಥನಾಗುವುದು. ಹುಡುಗನ ನಕ್ಷೆಯಲ್ಲಿ ತಪ್ಪಿರಲಿಲ್ಲ. ನಾವು ಹಿಡಿದ ಅಳತೆಗೋಲೇ ಬೇರೆಯಾಗಿತ್ತು.

ಕಣ್ಣನ್ನು ಮೋಸಗೊಳಿಸುವ ಉಪಾಯವೂ ಅಲ್ಲಿ ಉಂಟು. ಅದೇ ಉದ್ಯಾನದ ಹೆಬ್ಬೀದಿಯಲ್ಲಿ ಕೆಳಗಿನ ಅಂತಸ್ತಿಗಿಂತ ಮೇಲಿನ ಅಂತಸ್ತನ್ನು ಚಿಕ್ಕದಾಗಿ ಕಟ್ಟಿರುವರು. ಅಲ್ಲಿಯ ಕೋಟೆಯ ಎತ್ತರ 77 ಅಡಿ ಮಾತ್ರ. ಆದರೆ ಕೆಳಗೆ ದೊಡ್ಡ ಕಲ್ಲುಗಳೂ ಮೇಲೆ ಹೋದಂತೆ ಚಿಕ್ಕ ಕಲ್ಲುಗಳೂ ಕಾಣುವಂತೆ ಮಾಡಿರುವುದರಿಂದ ಅದು ಬಹಳ ಎತ್ತರವಾಗಿ ತೋರುವುದು. ದೂರದ್ದು ಚಿಕ್ಕದಾಗಿ ಕಾಣುವುದು ಕಣ್ಣಿನ ವಾಡಿಕೆ. ಆದಕಾರಣ ಚಿಕ್ಕದನ್ನು ಕಂಡ ಕಣ್ಣು ಅದನ್ನು ದೂರದ್ದೆಂದು ಭ್ರಮಿಸುವುದು.

ಇಷ್ಟಾದ ಮೇಲೆ ನಾವೂ ನೆಲದ ಮೇಲೆ ಚಾಪೆ ಹಾಸಿ ಕುಳಿತೆವು. “ಆ ಇಲಿಯ ಊರನ್ನು ಅವರು ಕಟ್ಟಿ ಆಯಿತು, ನಮ್ಮ ಊರಿಗೆ ಯಾರನ್ನು ಕರೆಯೋಣ?” ಎಂಬ ಪ್ರಶ್ನೆ ಬಂದಿತು. ಪಂಚತಂತ್ರವನ್ನು 11ನೆಯ ಶತಮಾನದಲ್ಲಿಯೇ ದುರ್ಗಸಿಂಹನು ಕನ್ನಡಕ್ಕೆ ತಂದನು. ಪ್ರಾಣಿಗಳು ಮಾತನಾಡುವ ಊರು ನಮಗೆ ಹೊಸದಲ್ಲ. ಹುಡುಗನು ಆ ಕಥೆಗಳನ್ನು ಕೇಳಿದನು, ನಾವು ಹೇಳಿದೆವು, ಅವನು ಬರೆದನು.

ಬಣ್ಣದ ತೊಟ್ಟಿಗೆ ಬಿದ್ದು ನೀಲಿಯಾದ ನರಿಗೆ ಅವನು ಒಂದು ಅರಮನೆ ಕಟ್ಟಿದನು. ಅದರೊಳಗೆ ಹೋದವರೆಲ್ಲರೂ ದೀಪದ ಬೆಳಕಿನಿಂದ ನೀಲಿಯಾಗಿ ಕಾಣುವರು. ಯಾರಾದರೊಬ್ಬರು ನರಿಯಂತೆ ಊಳಿಟ್ಟೊಡನೆ ಬೆಳಕು ಬದಲಾಗಿ ಎಲ್ಲರ ನಿಜವಾದ ಬಣ್ಣವೂ ಹೊರಬೀಳುವುದು. ಮೊಸಳೆಯ ಬೆನ್ನಿನಂಥ ದೋಣಿಯೊಂದು ಕೊಳವನ್ನು ಸುತ್ತುವುದು. ನಡುನೀರಿನಲ್ಲಿ ಮೊಸಳೆಯು ಕೋತಿಯ ಗುಂಡಿಗೆಯನ್ನು ಕೇಳುವುದು. ಕುಳಿತವರೆಲ್ಲರೂ “ಮರದ ಮೇಲೆ ಬಿಟ್ಟು ಬಂದಿದ್ದೇವೆ” ಎಂದು ಕೂಗಿದರೆ ಮಾತ್ರ ಅದು ದಡಕ್ಕೆ ಹಿಂದಿರುಗುವುದು. ಎರಡು ಹಂಸಗಳು ಕಚ್ಚಿದ ಕೋಲಿಗೆ ಆಮೆಯ ಆಕಾರದ ತೊಟ್ಟಿಲನ್ನು ತೂಗುಹಾಕಿದನು. ಮೌನವಾಗಿದ್ದರೆ ಅದು ಮೇಲಕ್ಕೇರುವುದು, ಮಾತನಾಡಿದರೆ ಕೆಳಕ್ಕಿಳಿಯುವುದು. “ಎಷ್ಟು ಅಡಿ ಇಳಿಯಬೇಕು?” ಎಂದು ಕೇಳಿದೆವು. “ತಂಗಿ ಹೆದರಿ ಅಳದಷ್ಟು” ಎಂದನು. ಯಂತ್ರಶಿಲ್ಪಿಯು ಕೂಡ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ ಎಂದು ನಮಗೆ ತೋರಿತು.

ನಕ್ಷೆಯು ಮುಗಿಯಿತೆಂದು ನಾವಿಬ್ಬರೂ ಬೀಗುತ್ತಿರುವಾಗ ನಮ್ಮ ಮನೆಯವರು ಕಾಫಿಯ ಲೋಟಗಳನ್ನು ಹಿಡಿದು ಬಂದರು. ಹಾಳೆಯನ್ನು ಒಮ್ಮೆ ನೋಡಿ, “ಊರೆಲ್ಲ ಕಟ್ಟಿದ್ದೀರಿ, ಸರಿ. ಮಂಡಿನೋವಿನವಳು ನಾನು, ನನಗೆ ಕೂರುವುದಕ್ಕೆ ಒಂದು ಜಗಲಿ ಎಲ್ಲಿ? ಮಕ್ಕಳಿಗೆ ಕುಡಿಯುವ ನೀರೆಲ್ಲಿ? ನೆರಳೆಲ್ಲಿ?” ಎಂದರು. ತಾತನೂ ಮೊಮ್ಮಗನೂ ಮುಖ ಮುಖ ನೋಡಿಕೊಂಡೆವು.

ಅವರ ಮಾತು ಮೂಲಕ್ಕೇ ಮುಟ್ಟಿತ್ತು. ಡಿಸ್ನಿಗೆ ಆ ಉದ್ಯಾನದ ಯೋಚನೆ ಹುಟ್ಟಿದ್ದು ಒಂದು ಬೆಂಚಿನ ಮೇಲೆ. ಲಾಸ್ ಏಂಜಲಿಸ್ ನಗರದ ಗ್ರಿಫಿತ್ ಪಾರ್ಕಿನಲ್ಲಿ ಅವನ ಹೆಣ್ಣುಮಕ್ಕಳಿಬ್ಬರೂ ತಿರುಗುವ ಮರದ ಕುದುರೆಗಳ ಮೇಲೆ ಕುಳಿತು ಆಡುತ್ತಿದ್ದಾಗ, ಇವನು ಬೆಂಚಿನ ಮೇಲೆ ಸುಮ್ಮನೆ ಕುಳಿತಿರಬೇಕಾಗಿತ್ತು. ತಂದೆತಾಯಿಗಳೂ ಮಕ್ಕಳೂ ಕೂಡಿ ಸಂತೋಷಪಡುವ ಸ್ಥಳವೊಂದು ಬೇಕೆಂದು ಅವನಿಗೆ ಆಗ ತೋರಿತೆಂದು ಅವನೇ ಹೇಳಿರುವನು. ಟೂನ್‌ಟೌನನ್ನೂ 2022ರಲ್ಲಿ ಮುಚ್ಚಿ, ಹೊಸದಾಗಿ ತಿದ್ದಿ, 2023ರ ಮಾರ್ಚಿಯಲ್ಲಿ ಮತ್ತೆ ತೆರೆದಾಗ, ಅವರು ಹೆಚ್ಚಾಗಿ ಸೇರಿಸಿದ್ದು ಹುಲ್ಲುಹಾಸನ್ನೂ ನೆರಳನ್ನೂ, ಗದ್ದಲಕ್ಕೆ ಅಂಜುವ ಮಕ್ಕಳು ನೆಮ್ಮದಿಯಿಂದಿರುವ ಎಡೆಗಳನ್ನೂ. ಗಾಲಿಕುರ್ಚಿಯ ಮಕ್ಕಳನ್ನೂ ಅವರು ಮರೆಯಲಿಲ್ಲ.

ಹುಡುಗನು ಆಮೆಯ ಕೊಳದ ಬದಿಯಲ್ಲಿ ಒಂದು ಆಲದ ಮರವನ್ನು ಬರೆದು, ಅದರ ಸುತ್ತಲೂ ಕಟ್ಟೆ ಕಟ್ಟಿದನು. ಪಕ್ಕದಲ್ಲಿ ಆನೆಯ ಸೊಂಡಿಲಿನಿಂದ ನೀರು ಬರುವ ನಲ್ಲಿಯನ್ನು ಇಟ್ಟನು. ಕಟ್ಟೆಯೂ ಸೊಟ್ಟಗಿತ್ತು. “ಇದೊಂದನ್ನು ಮಾತ್ರ ಮಟ್ಟವಾಗಿ ಬರೆಯೋ, ನಾನು ಜಾರಿ ಬಿದ್ದೇನು” ಎಂದು ಅವನ ಅಜ್ಜಿ ಹೇಳಿದರು. ಅಲ್ಲಿ ಅಳತೆಗೋಲಿಗೆ ಕೆಲಸ ಸಿಕ್ಕಿತು.

ಈ ಊರನ್ನು ಯಾರೂ ಕಟ್ಟಲಾರರು. ನಾವೂ ಕಟ್ಟಿರೆಂದು ಯಾರನ್ನೂ ಕೇಳುವುದಿಲ್ಲ. ಆದರೆ ಆ ಒಂದು ವಾರದಲ್ಲಿ ಮೊಮ್ಮಗನು ಪಂಚತಂತ್ರದ ಕಥೆಗಳನ್ನೂ ಅಳತೆಯನ್ನೂ, ಎಲ್ಲಕ್ಕಿಂತ ಮಿಗಿಲಾಗಿ ಅಜ್ಜಿಯ ಮಂಡಿನೋವನ್ನೂ ಅರಿತುಕೊಂಡನು. ವಾಚಕರ ಮನೆಯಲ್ಲಿಯೂ ಪುಸ್ತಕದ ಅಂಚಿನಲ್ಲಿ ಚಿತ್ರ ಬರೆಯುವ ಮಗುವಿದ್ದೀತು. ತಿದ್ದುವುದಕ್ಕೆ ಮುಂಚೆ, ಅದು ಏನನ್ನು ಕಟ್ಟುತ್ತಿದೆಯೆಂದು ಒಂದು ಸಲ ಕೇಳಿ ನೋಡಬಹುದು. ನಕ್ಷೆಯನ್ನು ನಮ್ಮ ನಡುಮನೆಯ ಗೋಡೆಗೆ ಅಂಟಿಸಿದ್ದೇವೆ. ನಮ್ಮ ಕೆಂಪು ಗುರುತುಗಳು ಇನ್ನೂ ಅಲ್ಲಿವೆ. ಅಳಿಸುವೆನೆಂದು ಹುಡುಗ ಹೇಳಿದನು, ಇರಲಿ ಎಂದು ನಾವೇ ತಡೆದೆವು.